ನೊರೆ ಉಕ್ಕಿದರೆ ಸಿಂಕ್ ಬಿಡುತ್ತದೆಯೇ?

ಅಡುಗೆಮನೆಯ ಸಿಂಕ್ ಕಟ್ಟಿಕೊಂಡಿತು ಅಂದರೆ ಈಗ ಎಷ್ಟೋ ಮನೆಗಳಲ್ಲಿ ಮೊದಲು ಕೈ ಹೋಗುವುದು ಅಡುಗೆ ಸೋಡಾದ ಡಬ್ಬಕ್ಕೆ, ಆಮೇಲೆ ವಿನೆಗರ್ ಬಾಟಲಿಗೆ. ಅರ್ಧ ಕಪ್ ಸೋಡಾ ಸುರಿಯುವುದು, ಅದರ ಮೇಲೆ ಒಂದು ಕಪ್ ವಿನೆಗರ್ ಹುಯ್ಯುವುದು, ಬುಸ್ಸೆಂದು ನೊರೆ ಎದ್ದಾಗ ಸ್ವಲ್ಪ ಹೊತ್ತು ಬಿಟ್ಟು ಬಿಸಿನೀರು ಹಾಕುವುದು. ವಿನೆಗರ್ ಇಲ್ಲದವರು ನಿಂಬೆಹಣ್ಣು ಹಿಂಡುತ್ತಾರೆ. ಕಾಸ್ಟಿಕ್ ಪುಡಿ ಬೇಡ, ಮಕ್ಕಳಿರುವ ಮನೆ, ನೀರಿಗೂ ಮಣ್ಣಿಗೂ ವಿಷ ಬೆರೆಯಬಾರದು ಎಂಬ ಕಾಳಜಿ ಇದರ ಹಿಂದಿದೆ. ಆ ಕಾಳಜಿ ನನ್ನದೂ ಹೌದು. ಆದ್ದರಿಂದಲೇ ಈ ಪದ್ಧತಿಯನ್ನು ಸುಮ್ಮನೆ ಹೊಗಳಿ ಮುಗಿಸಲು ಮನಸ್ಸು ಬರುವುದಿಲ್ಲ. ಕೊಳವೆಯೊಳಗೆ ಅದು ನಿಜಕ್ಕೂ ಏನು ಮಾಡುತ್ತದೆ ಎಂದು ನೋಡಲೇಬೇಕು.

ಸೋಡಾ ಕ್ಷಾರ, ವಿನೆಗರ್ ಆಮ್ಲ. ಎರಡೂ ಸೇರಿದರೆ ಒಂದರ ಬಲವನ್ನು ಇನ್ನೊಂದು ತಿಂದುಹಾಕುತ್ತದೆ. ಉಳಿಯುವುದು ನೀರು, ಸೋಡಿಯಂ ಅಸಿಟೇಟ್ ಎಂಬ ಸಾಧು ಲವಣ, ಮತ್ತು ಇಂಗಾಲದ ಡೈಆಕ್ಸೈಡ್. ನಾವು ಕಾಣುವ ನೊರೆಯೆಲ್ಲ ಈ ಅನಿಲದ್ದೇ. ಸಿಂಕಿನ ಬಾಯಿ ತೆರೆದಿರುವುದರಿಂದ ಅದು ಮೇಲಕ್ಕೆ ಬಂದು ಹೋಗುತ್ತದೆ, ಕೆಳಗೆ ಕೂತ ಜಿಡ್ಡಿನ ಗಡ್ಡೆಯನ್ನು ತಳ್ಳುವುದಿಲ್ಲ. ಲೆಕ್ಕ ನೋಡಿದರೆ ಇನ್ನೂ ಸ್ಪಷ್ಟವಾಗುತ್ತದೆ. 84 ಗ್ರಾಂ ಸೋಡಾ ಪೂರ್ತಿ ಕರಗಿ ಮುಗಿಯಲು 60 ಗ್ರಾಂ ಅಸಿಟಿಕ್ ಆಮ್ಲ ಬೇಕು. ಅಡುಗೆಯ ವಿನೆಗರಿನಲ್ಲಿ ಆಮ್ಲ ಇರುವುದು ನೂರಕ್ಕೆ ನಾಲ್ಕೈದು ಪಾಲು ಮಾತ್ರ, ಮಿಕ್ಕಿದ್ದು ನೀರು. ಅಂದರೆ ಒಂದು ಕಪ್ ವಿನೆಗರ್ ಸುಮಾರು 15 ಗ್ರಾಂ, ಅಂದರೆ ಒಂದು ದೊಡ್ಡ ಚಮಚದಷ್ಟು ಸೋಡಾಕ್ಕೆ ಸಾಕಾಗುತ್ತದೆ. ಅರ್ಧ ಕಪ್ಪಿನಲ್ಲಿ ನೂರು ಗ್ರಾಮಿಗೂ ಹೆಚ್ಚು ಸೋಡಾ ಇರುತ್ತದೆ. ಅದರಲ್ಲಿ ಬಹುಪಾಲು ಹಾಗೇ ಉಳಿಯುತ್ತದೆ. ನೀರು ಹರಿಯದ ಕೊಳವೆಯಲ್ಲಿ ಆ ಪುಡಿ ಕೆಳಗೆ ಕೂತು ಇನ್ನಷ್ಟು ಗಟ್ಟಿಯಾದರೆ ಆಶ್ಚರ್ಯವಿಲ್ಲ.

ಇದನ್ನು ಪರೀಕ್ಷಿಸಲು ಪ್ರಯೋಗಾಲಯ ಬೇಡ. ಎರಡು ಸ್ಟೀಲ್ ಲೋಟದ ಒಳಮೈಗೆ ಗಟ್ಟಿ ತುಪ್ಪ ಸವರಿ. ಒಂದಕ್ಕೆ ಸೋಡಾ, ವಿನೆಗರ್ ಹಾಕಿ. ನೊರೆ ಉಕ್ಕಿ ಇಳಿದ ಮೇಲೆ ಬೆರಳಾಡಿಸಿದರೆ ತುಪ್ಪ ಇದ್ದಲ್ಲೇ ಇರುತ್ತದೆ. ಇನ್ನೊಂದಕ್ಕೆ ಕೈ ಸುಡುವಷ್ಟು ಬಿಸಿನೀರಿನಲ್ಲಿ ಒಗೆಯುವ ಸೋಡಾ ಕರಗಿಸಿ, ನಾಲ್ಕು ಹನಿ ಪಾತ್ರೆ ತೊಳೆಯುವ ದ್ರಾವಣ ಬೆರೆಸಿ ಹಾಕಿ, ಚಮಚದಿಂದ ಕಲಕಿ. ನೀರು ಹಾಲಿನಂತೆ ಮಬ್ಬಾಗುತ್ತದೆ, ಲೋಟದ ಗೋಡೆ ಜಾರುವುದು ಕಡಿಮೆಯಾಗುತ್ತದೆ. ಅಡುಗೆ ಸೋಡಾದ ಪಿಎಚ್ ಎಂಟರ ಆಸುಪಾಸು; ಒಗೆಯುವ ಸೋಡಾದ್ದು ಹನ್ನೊಂದರ ಹತ್ತಿರ. ಜಿಡ್ಡನ್ನು ಸೋಪಿನ ಕಡೆಗೆ ತಿರುಗಿಸಲು ಬೇಕಾದ್ದು ಆ ಕ್ಷಾರಗುಣ ಮತ್ತು ಬಿಸಿ. ಆಮ್ಲ ಬೆರೆಸಿದ ಕೂಡಲೇ ಅದನ್ನೇ ಕಳೆದುಕೊಳ್ಳುತ್ತೇವೆ. ಹಾಗಾಗಿ ನನ್ನ ಮೊದಲ ತೀರ್ಮಾನ ಇಷ್ಟು: ಸೋಡಾವೂ ಕೆಲಸದ್ದೇ, ವಿನೆಗರೂ ಕೆಲಸದ್ದೇ, ಎರಡನ್ನೂ ಒಟ್ಟಿಗೆ ಹಾಕುವುದು ದಂಡ. ಬೋರ್‌ವೆಲ್ ನೀರಿನ ಸುಣ್ಣದ ಪೊರೆ ನಲ್ಲಿಯ ಬಾಯಲ್ಲೋ ಜಾಲಿಯ ಮೇಲೋ ಕಟ್ಟಿದ್ದರೆ ವಿನೆಗರ್ ಒಂದೇ ಸಾಕು.

ಬಿಸಿನೀರಿನ ವಿಷಯದಲ್ಲೂ ಒಂದು ಎಚ್ಚರ ಬೇಕು. ಕುದಿಯುವ ನೀರನ್ನು ನೇರ ಸುರಿಯಿರಿ ಎಂಬ ಸಲಹೆ ಎರಕದ ಕಬ್ಬಿಣದ ಕೊಳವೆಗಳಿದ್ದ ಕಾಲಕ್ಕೆ ಸರಿ. ನಮ್ಮ ಮನೆಗಳಲ್ಲಿರುವುದು ಪಿವಿಸಿ. ಸುಮಾರು 80 ಡಿಗ್ರಿಗೆ ಅದು ಮೆತ್ತಗಾಗುತ್ತದೆ, ಕೀಲುಗಳು ಸಡಿಲವಾಗುತ್ತವೆ. ಸ್ನಾನದ ನೀರಿಗಿಂತ ಸ್ವಲ್ಪ ಹೆಚ್ಚು ಬಿಸಿ ಸಾಕು. ಗಂಜಿ ಬಸಿದ ಕುದಿನೀರನ್ನು ಹಾಗೇ ಸಿಂಕಿಗೆ ಬಗ್ಗಿಸುವವರು ಕೊಳವೆಗೆ ಎರಡು ಬಗೆಯ ತೊಂದರೆ ಕೊಡುತ್ತಾರೆ: ಒಂದು ಬಿಸಿ, ಇನ್ನೊಂದು ಗಂಜಿಯ ಅಂಟು.

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಈಗ ವಿನೆಗರಿಗಿಂತ ಹೆಚ್ಚು ಮರ್ಯಾದೆ ಬಯೋ ಎನ್‌ಜೈಮಿಗೆ. ಒಂದು ಪಾಲು ಬೆಲ್ಲ, ಮೂರು ಪಾಲು ಕಿತ್ತಳೆ, ಮೂಸಂಬಿ, ನಿಂಬೆಯ ಸಿಪ್ಪೆ, ಹತ್ತು ಪಾಲು ನೀರು. ಪ್ಲಾಸ್ಟಿಕ್ ಡಬ್ಬಿಯಲ್ಲಿ ತುಂಬಿ ಮೂರು ತಿಂಗಳು ಇಡಬೇಕು. ಮೊದಲ ತಿಂಗಳು ದಿನಕ್ಕೊಮ್ಮೆ ಮುಚ್ಚಳ ಸಡಿಲಿಸಿ ಅನಿಲ ಬಿಡದಿದ್ದರೆ ಡಬ್ಬಿ ಸಿಡಿಯುತ್ತದೆ. ಥಾಯ್ಲೆಂಡಿನ ಡಾ. ರೋಸುಕಾನ್ ಪೂಂಪನ್‌ವಾಂಗ್ ಜನಪ್ರಿಯಗೊಳಿಸಿದ ಈ ಅಳತೆ ನಮ್ಮ ಅಡುಗೆಮನೆಗಳಿಗೆ ಚೆನ್ನಾಗಿ ಒಗ್ಗಿದೆ. ಸಿಪ್ಪೆ ಕಸದ ಬುಟ್ಟಿಗೆ ಹೋಗುವುದು ತಪ್ಪುತ್ತದೆ, ಫಿನಾಯಿಲ್ ಬದಲು ನೆಲ ಒರೆಸಲು ಒಳ್ಳೆಯ ದ್ರವ ಸಿಗುತ್ತದೆ. ಇದನ್ನು ಮಾಡುವವರ ಶ್ರದ್ಧೆಯ ಬಗ್ಗೆ ನನಗೆ ನಿಜವಾದ ಗೌರವವಿದೆ.

ಆದರೆ ಕಟ್ಟಿದ ಕೊಳವೆಯ ಮುಂದೆ ಅದು ನಿಲ್ಲುವುದಿಲ್ಲ. ಹುಳಿತು ಬಂದ ಆ ದ್ರವದಲ್ಲಿ ಮುಖ್ಯವಾಗಿ ಇರುವುದು ಅಸಿಟಿಕ್ ಆಮ್ಲ ಮತ್ತು ಇತರ ಸಾವಯವ ಆಮ್ಲಗಳು. ಪಿಎಚ್ ಮೂರು ನಾಲ್ಕರ ಆಸುಪಾಸು. ಜಿಡ್ಡು ಒಡೆಯುವ ಲೈಪೇಸ್ ಕಿಣ್ವಗಳು ಸಾಮಾನ್ಯವಾಗಿ ಇಷ್ಟು ಹುಳಿಯಲ್ಲಿ ಹುರುಪಿನಿಂದ ಕೆಲಸ ಮಾಡುವುದಿಲ್ಲ, ಮಾಡಿದರೂ ಗಂಟೆಗಟ್ಟಲೆ ಬೇಕು. ರಾತ್ರಿ ಪಾತ್ರೆ ತೊಳೆದಾದ ಮೇಲೆ ಅರ್ಧ ಲೋಟ ಸುರಿದು ಬೆಳಗಿನವರೆಗೆ ಬಿಟ್ಟರೆ ಕೊಳವೆಯ ಲೋಳೆ ಸಡಿಲವಾಗಲು, ವಾಸನೆ ತಗ್ಗಲು ನೆರವಾಗುತ್ತದೆ. ಅಷ್ಟಕ್ಕೆ ಒಪ್ಪೋಣ. ಕೆರೆಗೆ ಸುರಿದರೆ ಕೆರೆಯೇ ಶುದ್ಧವಾಗುತ್ತದೆ ಎಂಬ ಮಾತನ್ನು ಮಾತ್ರ ಒಪ್ಪಲಾಗದು. ಬೆಲ್ಲ, ಸಿಪ್ಪೆ ಹುಳಿತ ನೀರು ಸಾವಯವ ಪದಾರ್ಥ. ಅದು ಕೊಳೆಯಲು ನೀರಿನಲ್ಲಿರುವ ಆಮ್ಲಜನಕವನ್ನೇ ಬಳಸಿಕೊಳ್ಳುತ್ತದೆ. ಇನ್ನೊಂದು ಮಾತು: ವಿನೆಗರ್, ನಿಂಬೆ, ಬಯೋ ಎನ್‌ಜೈಮ್ ಮೂರೂ ಶಹಾಬಾದ್ ಕಲ್ಲನ್ನು, ಕಡಪ ಕಲ್ಲನ್ನು ತಿನ್ನುತ್ತವೆ. ಎರಡೂ ಸುಣ್ಣದ ಕಲ್ಲು. ಕಲಬುರಗಿ ಕಡೆಯ ಎಷ್ಟೋ ಬಚ್ಚಲುಮನೆಗಳ ನೆಲ ಆ ಕಲ್ಲಿನದೇ. ನೀರು ಬೆರೆಸದೆ ಸುರಿದು ಹಾಗೇ ಬಿಟ್ಟರೆ ಹೊಳಪು ಹೋಗಿ ಬಿಳಿ ಕಲೆ ಉಳಿಯುತ್ತದೆ.

ಎದುರು ಪಕ್ಷಕ್ಕೂ ನ್ಯಾಯ ಸಲ್ಲಬೇಕು. ಅಂಗಡಿಯ ಡ್ರೈನ್ ಪುಡಿಯಲ್ಲಿ ಇರುವುದು ಕಾಸ್ಟಿಕ್ ಸೋಡಾ, ಕೆಲವು ಪುಡಿಗಳಲ್ಲಿ ಜೊತೆಗೆ ಅಲ್ಯುಮಿನಿಯಂ ಚೂರು. ನೀರು ತಾಗಿದರೆ ಕುದಿಯುವಷ್ಟು ಬಿಸಿ ಹುಟ್ಟುತ್ತದೆ, ಜಿಡ್ಡು ಸೋಪಾಗುತ್ತದೆ, ಕೂದಲು ಕೂಡ ಕರಗುತ್ತದೆ. ಅದು ಕೆಲಸ ಮಾಡುತ್ತದೆ, ಸುಳ್ಳಲ್ಲ. ಪರಿಸರದ ಹೆಸರಿನಲ್ಲಿ ಅದರ ಮೇಲೆ ಹೊರಿಸುವ ದೂರುಗಳಲ್ಲಿ ಕೆಲವು ಉತ್ಪ್ರೇಕ್ಷೆಯವು. ಒಂದೆರಡು ಚಮಚ ಕಾಸ್ಟಿಕ್ ಚರಂಡಿಯ ಅಷ್ಟೊಂದು ನೀರಿನಲ್ಲಿ ಬೆರೆತು ತನ್ನ ಬಲ ಕಳೆದುಕೊಳ್ಳುತ್ತದೆ. ಬೆಂಗಳೂರಿನ ಬೆಳ್ಳಂದೂರು ಕೆರೆಯಲ್ಲಿ ನೊರೆ ಎದ್ದದ್ದು ಈ ಪುಡಿಯಿಂದಲ್ಲ, ಸಂಸ್ಕರಿಸದ ಕೊಳಚೆ ಮತ್ತು ಅದರೊಡನೆ ಬಂದ ಡಿಟರ್ಜೆಂಟಿನಿಂದ. ನನ್ನ ಆಕ್ಷೇಪ ಬೇರೆ. ಪುಡಿ ಹಾಕಿಯೂ ಸಿಂಕ್ ಬಿಡದೆ ಪ್ಲಂಬರನ್ನು ಕರೆಸುತ್ತೇವೆ. ಅವನು ಕೆಳಗೆ ಕೂತು ಕೊಳವೆ ತಿರುಗಿಸುತ್ತಾನೆ. ಒಳಗೆ ನಿಂತಿದ್ದ ಕಾಸ್ಟಿಕ್ ನೀರು ಅವನ ಕೈಗೆ, ಮುಖಕ್ಕೆ, ಕಣ್ಣಿಗೆ ಬೀಳುತ್ತದೆ. ಪುಡಿ ಹಾಕಿದ್ದೇವೆ ಎಂದು ಅವನಿಗೆ ಹೇಳುವವರು ಎಷ್ಟು ಜನ? ಮಕ್ಕಳ ಬಾಯಿಗೆ ಹೋದರೆ ಅನ್ನನಾಳ ಸುಟ್ಟು ಜೀವಮಾನವಿಡೀ ನುಂಗಲು ಕಷ್ಟಪಡುವ ಸ್ಥಿತಿ ಬರಬಹುದು. ಟಾಯ್ಲೆಟ್ ಆಸಿಡ್ ಇದರ ಮೇಲೆ ಬಿದ್ದರೆ ಸಿಡಿಯುತ್ತದೆ. ಬ್ಲೀಚಿಗೆ ಆಸಿಡ್ ಸೇರಿದರೆ ಕ್ಲೋರಿನ್ ಅನಿಲ. ಬಾಗಿಲು ಮುಚ್ಚಿದ ಬಚ್ಚಲಲ್ಲಿ ಅದು ಪ್ರಾಣಾಪಾಯ. ವಿನೆಗರೂ ಆಮ್ಲವೇ; ಬ್ಲೀಚಿನ ಜೊತೆ ಅದಕ್ಕೂ ರಿಯಾಯಿತಿ ಇಲ್ಲ.

ಹಾಗಾದರೆ ಕಟ್ಟಿದ ಸಿಂಕನ್ನು ಬಿಡಿಸುವುದು ಹೇಗೆ? ಕೈಯಿಂದ. ಸಿಂಕಿನ ಕೆಳಗಿನ ಬಾಗಿಲು ತೆಗೆದರೆ ಬಿಳಿ ಪ್ಲಾಸ್ಟಿಕ್ಕಿನ, ಲೋಟದಂಥ ಒಂದು ಭಾಗ ಕಾಣುತ್ತದೆ. ಅದೇ ಬಾಟಲ್ ಟ್ರ್ಯಾಪ್. ಕೆಳಗೆ ಬಕೆಟ್ ಇಟ್ಟು, ಆ ಲೋಟವನ್ನು ಎಡಕ್ಕೆ ತಿರುಗಿಸಿದರೆ ಕೈಗೆ ಬರುತ್ತದೆ. ಒಳಗೆ ಬೂದು ಬಣ್ಣದ, ಬೆಣ್ಣೆಯಂತೆ ಮೆತ್ತಗಿನ ಉಂಡೆ. ಒಗ್ಗರಣೆಯ ಸಾಸಿವೆ ಅದರಲ್ಲಿ ಅಲ್ಲಲ್ಲಿ ಹುಗಿದುಕೊಂಡಿರುತ್ತದೆ. ಕರಿಬೇವಿನ ದಂಟು, ಊದಿದ ಅನ್ನದ ಅಗುಳು, ಕಾಯಿತುರಿಯ ನಾರು, ಕಾಫಿ ಚರಟ, ಎಂದೋ ಕಳೆದುಹೋದ ಪುಟ್ಟ ಚಮಚ. ಎಣ್ಣೆ ಅಂಟು ಹಾಕುತ್ತದೆ, ಉಳಿದದ್ದೆಲ್ಲ ಅದಕ್ಕೆ ಅಂಟುತ್ತದೆ. ಇದನ್ನು ಒಂದು ಹಳೇ ಪತ್ರಿಕೆಯ ಮೇಲೆ ಬಗ್ಗಿಸಿ, ಹಲ್ಲುಜ್ಜುವ ಹಳೇ ಬ್ರಷ್ಷಿನಿಂದ ಒಳಗೋಡೆ ಉಜ್ಜಿ, ರಬ್ಬರ್ ವಾಷರ್ ಮರೆಯದೆ ಕೂರಿಸಿ ಮತ್ತೆ ತಿರುಗಿಸಿದರೆ ಮುಗಿಯಿತು. ಒಂದು ಹನಿ ರಾಸಾಯನಿಕ ಬೇಡ, ನಿಂಬೆಹಣ್ಣೂ ಬೇಡ. ಕಟ್ಟಿದ್ದು ಇನ್ನೂ ಮುಂದೆ ಇದ್ದರೆ ರಬ್ಬರ್ ಕಪ್ಪಿನ ಪಂಪು. ಅದಕ್ಕೂ ಮುಂದೆ ಇದ್ದರೆ ಸ್ಪ್ರಿಂಗ್ ವೈರ್. ನಾನು ಕಂಡ ಮಟ್ಟಿಗೆ ಮನೆಯೊಳಗಿನ ಎಲ್ಲ ಉಪಾಯಗಳಲ್ಲಿ ಪರಿಸರಕ್ಕೆ ಅತಿ ಕಡಿಮೆ ಹೊರೆ ಇದರದೇ. ಇದರ ಬಗ್ಗೆ ಯಾರೂ ಉತ್ಸಾಹದಿಂದ ಮಾತಾಡುವುದಿಲ್ಲ, ಏಕೆಂದರೆ ಕೈ ಕೊಳೆಯಾಗುತ್ತದೆ.

ಬಚ್ಚಲುಮನೆಯ ನೆಲದಲ್ಲಿ ನೀರು ಇಳಿಯುವ ನಹಾನಿ ಟ್ರ್ಯಾಪಿನ ಕಥೆಯೂ ಇದೇ. ಜಾಲಿ ಎತ್ತಿ ಬಗ್ಗಿಸಿದ ತಂತಿಯಿಂದ ಎಳೆದರೆ ಕೂದಲಿನ ಸಿಂಬಿ ಬರುತ್ತದೆ. ನರಕ ಚತುರ್ದಶಿಯ ಎಣ್ಣೆಸ್ನಾನವಾದ ವಾರ ಬಚ್ಚಲು ಕಟ್ಟುವುದನ್ನು ಗಮನಿಸಿ. ಕೊಬ್ಬರಿ ಎಣ್ಣೆ, ಸೀಗೆಪುಡಿ, ಕಡಲೆಹಿಟ್ಟು ಎಲ್ಲವೂ ನೈಸರ್ಗಿಕವೇ. ಆದರೆ ಬಿಸಿನೀರಲ್ಲಿ ನೆನೆದ ಹಿಟ್ಟು ಎಣ್ಣೆಯೊಡನೆ ಸೇರಿ, ಕೂದಲಿನ ಬಲೆಗೆ ಗಾರೆಯಾಗಿ ಕೂರುತ್ತದೆ. ವಾಸನೆಯ ಸಮಸ್ಯೆ ಹಲವು ಸಲ ಕಟ್ಟಿದ್ದರಿಂದಲೇ ಬರುವುದಿಲ್ಲ. ಊರಿಗೆ ಹೋಗಿ ಬಂದ ಮನೆಯಲ್ಲಿ, ಚರಂಡಿಯ ವಾಸನೆಯನ್ನು ತಡೆಯುವ ಟ್ರ್ಯಾಪಿನ ನೀರು ಆರಿಹೋಗಿರುತ್ತದೆ; ಎರಡು ಚೆಂಬು ನೀರು ಹಾಕಿದರೆ ದುರ್ವಾಸನೆ ನಿಲ್ಲುತ್ತದೆ.

ಹಳೆಯ ಮನೆಗಳನ್ನು ನೆನೆದಾಗ ಜನ ಬೂದಿ, ಅಂಟುವಾಳ, ಹುಣಸೆಹಣ್ಣು ಎನ್ನುತ್ತಾರೆ. ಬೂದಿಯಲ್ಲಿ ಕ್ಷಾರವಿದೆ, ಅಂಟುವಾಳದಲ್ಲಿ ನೊರೆ ಬರಿಸುವ ಸ್ಯಾಪೊನಿನ್ ಇದೆ, ನಿಜ. ಆದರೆ ಆ ಮನೆಗಳ ಬಚ್ಚಲು ಕಟ್ಟದಿದ್ದುದಕ್ಕೆ ಮುಖ್ಯ ಕಾರಣ ಅಡುಗೆಮನೆಯ ಮೂಲೆಯಲ್ಲಿದ್ದ ಕಲಗಚ್ಚಿನ ಬಾನಿ. ಅಕ್ಕಿ ತೊಳೆದ ನೀರು, ಗಂಜಿ, ತಟ್ಟೆಯಲ್ಲಿ ಉಳಿದ ಅನ್ನ, ತರಕಾರಿ ಸಿಪ್ಪೆ ಎಲ್ಲ ಅದಕ್ಕೆ ಬೀಳುತ್ತಿತ್ತು, ಅಲ್ಲಿಂದ ಕೊಟ್ಟಿಗೆಗೆ ಹೋಗುತ್ತಿತ್ತು. ಬಚ್ಚಲಿಗೆ ಬರುತ್ತಿದ್ದುದು ಬರೀ ನೀರು. ಅದೂ ತೆರೆದ ಕಾಲುವೆಯಲ್ಲಿ ಹರಿದು ಬಾಳೆಯ ಬುಡಕ್ಕೆ, ತೆಂಗಿನ ಬುಡಕ್ಕೆ ಸೇರುತ್ತಿತ್ತು. ಗೋಡೆಯೊಳಗೆ ಹುದುಗಿದ ಕೊಳವೆ ಇರಲಿಲ್ಲ, ಗೂಡಂಗಡಿ ಹೋಟೆಲಿನಷ್ಟು ಎಣ್ಣೆ ಸುರಿಯುವ ಅಡುಗೆಯೂ ದಿನಾ ಇರಲಿಲ್ಲ. ಅಪಾರ್ಟ್‌ಮೆಂಟಿನಲ್ಲಿ ಹಸು ಕಟ್ಟಲಾಗದು. ಆದರೆ ಬಾಣಲೆಯ ಜಿಡ್ಡನ್ನು ಹಳೇ ಪತ್ರಿಕೆಯಿಂದ ಒರೆಸಿ ಆಮೇಲೆ ತೊಳೆಯಬಹುದು, ತಟ್ಟೆ ಕೆರೆದು ಹಸಿಕಸಕ್ಕೆ ಹಾಕಬಹುದು, ಸಿಂಕಿನ ಬಾಯಿಗೆ ಸಣ್ಣ ಕಣ್ಣಿನ ಸ್ಟೀಲ್ ಜಾಲಿ ಕೂರಿಸಬಹುದು. ಯಾವ ಹಸಿರು ದ್ರವವೂ ಇಷ್ಟು ಕೆಲಸ ಮಾಡಲಾರದು.

ಮನೆಯ ಸಿಂಕ್ ಬಿಟ್ಟಿತು ಎಂದರೆ ಜಿಡ್ಡು ಮಾಯವಾಗಿದೆ ಎಂದಲ್ಲ, ಮುಂದಿನ ತಿರುವಿಗೆ ಹೋಗಿದೆ ಅಷ್ಟೇ. ಬಿಸಿನೀರಿಗೆ ಕರಗಿದ್ದು ತಣ್ಣಗಾದಲ್ಲಿ ಮತ್ತೆ ಹೆಪ್ಪುಗಟ್ಟುತ್ತದೆ, ನೀರಿನ, ಕಾಂಕ್ರೀಟಿನ ಸುಣ್ಣದಂಶದ ಜೊತೆ ಸೇರಿ ಕಲ್ಲಾಗುತ್ತದೆ. 2017ರಲ್ಲಿ ಲಂಡನ್ನಿನ ವೈಟ್‌ಚಾಪೆಲ್ ಬಳಿ ನೆಲದಡಿಯ ಚರಂಡಿಯಲ್ಲಿ ಸಿಕ್ಕ ಜಿಡ್ಡಿನ ಗಡ್ಡೆ 250 ಮೀಟರ್ ಉದ್ದವಿತ್ತು, ಅದರ ತೂಕ 130 ಟನ್ ಎಂದು ಅಂದಾಜಿಸಿದ್ದರು. ಅಲ್ಲಿ ಅದನ್ನು ಒಡೆಯಲು ವಾರಗಳೇ ಬೇಕಾದವು. ನಮ್ಮಲ್ಲಿ ಮ್ಯಾನ್‌ಹೋಲ್ ಕಟ್ಟಿದರೆ ಯಾರನ್ನು ಇಳಿಸುತ್ತಾರೆ ಎಂಬುದು ಎಲ್ಲರಿಗೂ ಗೊತ್ತು. 2013ರ ಕಾಯ್ದೆ ರಕ್ಷಣಾ ಸಾಧನವಿಲ್ಲದೆ ಮನುಷ್ಯರಿಂದ ಚರಂಡಿ, ಸೆಪ್ಟಿಕ್ ಟ್ಯಾಂಕ್ ಶುಚಿ ಮಾಡಿಸುವುದನ್ನು ನಿಷೇಧಿಸಿದೆ. ಆಮೇಲೂ ಸಾವುಗಳು ನಿಲ್ಲಲಿಲ್ಲ. 2023ರಲ್ಲಿ ಸುಪ್ರೀಂ ಕೋರ್ಟ್ ಚರಂಡಿ ಸಾವಿನ ಪರಿಹಾರವನ್ನು 30 ಲಕ್ಷ ರೂಪಾಯಿಗೆ ಏರಿಸಬೇಕಾಯಿತು. ಪರಿಸರಸ್ನೇಹಿ ಎಂಬ ಚೀಟಿ ಅಂಟಿಸಿಕೊಂಡ ಯಾವ ಪದ್ಧತಿಯನ್ನೂ ನಾನು ಅಳೆಯುವುದು ಇಲ್ಲಿಂದ: ಮನೆಯ ಜಿಡ್ಡು ಮನೆಯಲ್ಲೇ ನಿಂತಿತೇ, ಇಲ್ಲವೇ ಇನ್ನೊಬ್ಬನ ಕೊರಳಿಗೆ ಹೋಯಿತೇ?

ಬಹುಮಹಡಿ ಕಟ್ಟಡದಲ್ಲಿ ನೆಲಮಹಡಿಯ ಮನೆಯ ಸಿಂಕಿನಿಂದ ನೀರು ಉಕ್ಕಿ ಮೇಲೆ ಬರುತ್ತಿದ್ದರೆ ಕಟ್ಟಿರುವುದು ಎಲ್ಲರ ಮನೆಯ ನೀರು ಇಳಿದು ಸೇರುವ ಕೊಳವೆ. ಅಲ್ಲಿ ಸೋಡಾ, ವಿನೆಗರ್, ಬಯೋ ಎನ್‌ಜೈಮ್, ಕಾಸ್ಟಿಕ್ ಯಾವುದೂ ನಡೆಯದು. ಕಟ್ಟಡದ ಹೊರಗೆ ನೆಲದಲ್ಲಿರುವ ಗಲ್ಲಿ ಟ್ರ್ಯಾಪ್ ತೆಗೆದು ನೋಡಿ, ಅದಾದ ಮೇಲೂ ಹರಿಯದಿದ್ದರೆ ನೀರನ್ನು ರಭಸದಿಂದ ಚಿಮ್ಮಿಸುವ ಜೆಟ್ಟಿಂಗ್ ಯಂತ್ರ ತರಿಸಬೇಕು. ಯಂತ್ರ ಬರಲು ಎರಡು ದಿನ ತಡವಾದರೆ ಆ ಎರಡು ದಿನ ಮೇಲಿನ ಮನೆಗಳವರೂ ಸಿಂಕ್ ಮುಚ್ಚಿಟ್ಟು, ಟಬ್ಬಿನಲ್ಲಿ ಪಾತ್ರೆ ತೊಳೆದು, ಸೋಸಿದ ನೀರನ್ನು ಗಿಡಗಳ ಬುಡಕ್ಕೆ ಹಾಕಬಹುದು.