ಹೊಯ್ಸಳ ಸೀಮೆಯಲ್ಲೊಂದು ಆಟ, ಅಡುಗೆಮನೆಯಲ್ಲೊಂದು ಆಟ

ವಿಡಿಯೋ ಗೇಮುಗಳನ್ನು ಸಾಹಿತ್ಯಕೃತಿಗಳ ಪಂಕ್ತಿಯಲ್ಲಿ ಕುಳ್ಳಿರಿಸುವುದು ಈ ಸಂಚಿಕೆಯ ಹಿರಿಯ ಓದುಗರಿಗೆ ಸರಿತೋರದಿರಬಹುದು. ಆದರೆ ಉಪ್ಪಳದ ನಮ್ಮ ಮನೆಗಳ ಮಕ್ಕಳು ಕಥೆಯ ರುಚಿ ಹತ್ತಿಸಿಕೊಳ್ಳುತ್ತಿರುವುದು ಈಗ ಬಹುಮಟ್ಟಿಗೆ ಅಲ್ಲಿಯೇ. ಆದುದರಿಂದ ಕಳೆದ ಮಳೆಗಾಲದಲ್ಲಿ ಅವರೊಡನೆ ಕುಳಿತು ಎರಡು ಆಟಗಳನ್ನು ಕೊನೆಮುಟ್ಟ ಆಡಿದೆವು.

ಮೊದಲನೆಯದು ಅಮೆರಿಕದ ನಾಟಿ ಡಾಗ್ ಸಂಸ್ಥೆ 2017ರಲ್ಲಿ ಹೊರತಂದ ‘ಅನ್‌ಚಾರ್ಟೆಡ್: ದಿ ಲಾಸ್ಟ್ ಲೆಗಸಿ’. ಇದರ ನಾಯಕಿ ಕ್ಲೋಯಿ ಫ್ರೇಜರಳ ತಂದೆ ಭಾರತೀಯ. ಆತ ಅರಸಿ ಕಾಣದೆ ಹೋದ ಗಣೇಶನ ದಂತವನ್ನು ಮಗಳು ಪಶ್ಚಿಮಘಟ್ಟದಲ್ಲಿ ಅರಸುತ್ತಾಳೆ. ಹೊಯ್ಸಳ, ಹಳೇಬೀಡು, ಬೇಲೂರು ಎಂಬ ಹೆಸರುಗಳು ಆಂಗ್ಲ ಉಚ್ಚಾರದಲ್ಲಿ ಕಿವಿಗೆ ಬಿದ್ದಾಗ ನಮಗೆ ರೋಮಾಂಚನವಾದದ್ದು ಸುಳ್ಳಲ್ಲ. ಪರಶುರಾಮನ ಕೊಡಲಿಯಿಂದ ಗಣೇಶನ ದಂತ ಮುರಿದ ಕಥೆಯೂ ಇಲ್ಲಿದೆ. ಪರಶುರಾಮನ ಸೃಷ್ಟಿಯೆಂದೇ ನಂಬಿದ ಕರಾವಳಿಯಲ್ಲಿ ಹುಟ್ಟಿದ ನಮಗೆ ಅದನ್ನು ಯಾರೂ ವಿವರಿಸಬೇಕಾಗಿರಲಿಲ್ಲ. ಕಾಡು, ನೀರು, ಬೆಳಕು ಇವುಗಳ ಚಿತ್ರಣಕ್ಕೆ ಹೆಸರಿಡುವಂತಿಲ್ಲ.

ಆದರೆ ಶಿಲ್ಪದ ವಿಷಯದಲ್ಲಿ ನಮ್ಮ ತಕರಾರಿದೆ. ಆಟದ ಮೂರ್ತಿಗಳು ಬೆಟ್ಟದಂತೆ ಬೆಳೆದು ನಿಲ್ಲುತ್ತವೆ. ಹೊಯ್ಸಳ ರೂವಾರಿಯ ದಾರಿಯಾದರೋ ಬೇರೆ. ಮೆದುವಾದ ಬಳಪದ ಕಲ್ಲಿನಲ್ಲಿ ಮಣಿಸರದ ಒಂದೊಂದು ಮಣಿಯನ್ನೂ ಬಿಡಿಸುವುದು ಅವನ ಹೆಚ್ಚುಗಾರಿಕೆ. 1117ರ ಬೇಲೂರಿನ ಚೆನ್ನಕೇಶವನ ಗುಡಿಯನ್ನು ಕಂಡವರು ದೂರ ನಿಂತು ಬೆರಗಾಗುವುದಿಲ್ಲ, ಹತ್ತಿರ ಹೋಗಿ ಬಾಗಿ ನೋಡುತ್ತಾರೆ. ಬಾಗಿದವರಿಗೆ ಇನ್ನೊಂದು ಕಾಣುತ್ತದೆ: ಮೂರ್ತಿಯ ಪೀಠದಲ್ಲಿ ಶಿಲ್ಪಿ ಕನ್ನಡ ಅಕ್ಷರಗಳಲ್ಲಿ ಕೆತ್ತಿದ ತನ್ನ ಹೆಸರು. ಸೋಮನಾಥಪುರದ ಮಲ್ಲಿತಮ್ಮ ನಮಗೆ ಗೊತ್ತಿರುವುದು ಹಾಗೆಯೇ. ಆಟದಲ್ಲಿ ಒಗಟುಗಳಿಗೆ ಬರವಿಲ್ಲ. ಮೂರ್ತಿಗಳನ್ನು ತಿರುಗಿಸಿ ನೆರಳು ಹೊಂದಿಸುವುದೊಂದು ಬಹಳ ಚೆನ್ನಾಗಿದೆ. ಆದರೆ ಕನ್ನಡ ಓದಬಲ್ಲವನು ಮಾತ್ರ ಬಿಡಿಸಬಹುದಾದ ಒಗಟು ನಮಗೆ ಎದುರಾಗಲಿಲ್ಲ. ಅಷ್ಟು ಹೊತ್ತು ಹೊಯ್ಸಳರ ನೆಲದಲ್ಲಿ ಅಲೆದರೂ ಒಂದು ಕನ್ನಡ ನುಡಿ ನಮ್ಮ ಕಿವಿಗೆ ಬೀಳಲಿಲ್ಲ. ಅದೇ 2017ರಲ್ಲಿ ಕೇರಳದ ಶಾಲೆಗಳಲ್ಲಿ ಮಲಯಾಳ ಕಡ್ಡಾಯವಾದಾಗ ಕಾಸರಗೋಡಿನ ಕನ್ನಡಿಗರು ಬೀದಿಗಿಳಿದಿದ್ದರು. ಎರಡಕ್ಕೂ ಸಂಬಂಧವಿಲ್ಲ, ನಿಜ. ಆಡುತ್ತಿದ್ದಾಗ ನೆನಪಾಗದೆ ಇರಲಿಲ್ಲ.

ಎರಡನೆಯದು ‘ವೆಣ್ಬಾ’. ಕೆನಡಾದ ವಿಸೈ ಗೇಮ್ಸ್ 2023ರಲ್ಲಿ ತಂದ, ಒಂದೇ ಸಂಜೆಯಲ್ಲಿ ಮುಗಿಯುವ ಸಣ್ಣ ಆಟ. ಎಂಬತ್ತರ ದಶಕದಲ್ಲಿ ಕೆನಡಾಕ್ಕೆ ಹೋದ ತಮಿಳು ದಂಪತಿ, ಅಲ್ಲಿಯೇ ಬೆಳೆಯುವ ಮಗ ಕವಿನ್. ಯುದ್ಧವಿಲ್ಲ, ನಿಧಿಯಿಲ್ಲ. ತಾಯಿಯಿಂದ ಬಂದ ಅಡುಗೆಪುಸ್ತಕ ಹರಿದು, ಕಲೆಯಾಗಿ, ಅಕ್ಷರ ಅಳಿಸಿಹೋಗಿದೆ. ಬಿಟ್ಟುಹೋದುದನ್ನು ಊಹಿಸಿ ಇಡ್ಲಿ ಬೇಯಿಸುವುದೇ ಆಟಗಾರನ ಕೆಲಸ. ಮುಂದೆ ಮಗನೇ ಒಲೆಯ ಮುಂದೆ ನಿಂತಾಗ ತಾಯಿನುಡಿಯನ್ನು ಓದಲು ತಡವರಿಸುತ್ತಾನೆ. ಅವನ ಕೈ ನಮ್ಮ ಕೈಯೇ ಆದುದರಿಂದ ತಡವರಿಕೆಯೂ ನಮ್ಮದಾಗುತ್ತದೆ. ಕ್ಲೋಯಿಯೂ ಕವಿನನೂ ಹೆತ್ತವರ ಸೊತ್ತನ್ನು ಹುಡುಕುವವರೇ. ಅವಳಿಗೆ ಭಾಷೆಯಿಲ್ಲದೆಯೂ ಅದು ಸಿಕ್ಕುತ್ತದೆ, ಇವನಿಗೆ ಸಿಕ್ಕುವುದಿಲ್ಲ. ಈ ಒಂದು ಕಾರಣಕ್ಕೆ ಸಣ್ಣ ಆಟವೇ ದೊಡ್ಡದೆಂದು ನಮ್ಮ ತೀರ್ಪು. ಕೊರತೆಯಿಲ್ಲವೆಂದಲ್ಲ: ವರ್ಷಗಳು ತೀರ ಅವಸರದಲ್ಲಿ ಉರುಳುತ್ತವೆ, ಗಂಡನ ಪಾತ್ರ ಬಲಿಯುವ ಮೊದಲೇ ಸರಿದುಹೋಗುತ್ತದೆ.

ಆಟ ಮುಗಿದ ಮರುದಿನ, ಮಲಯಾಳ ಮಾಧ್ಯಮದಲ್ಲಿ ಓದುವ ನಮ್ಮ ಹುಡುಗ ಕಪಾಟಿನಿಂದ ಅಜ್ಜಿಯ ಪತ್ರೊಡೆಯ ಚೀಟಿ ಹುಡುಕಿ ತಂದ. ಎಣ್ಣೆ ಹತ್ತಿ ಎರಡು ಸಾಲು ಮಸುಕಾಗಿತ್ತು. ಬೆರಳಿಟ್ಟು ಕೂಡಿಸಿ ಓದಿದ. ಒಂದು ಪದ ಹತ್ತದೆ ಬಿಟ್ಟು ಮುಂದೆ ಹೋದ.

ಬಿಟ್ಟದ್ದು ಹುಳಿ. ಕೆಸುವಿನ ಎಲೆ, ಅಂದು ಮನೆಮಂದಿಗೆಲ್ಲ ಗಂಟಲು ತುರಿಸಿತು.