ಚಕ್ರಗಳೂ ನರಗ್ರಂಥಿಗಳೂ: ಒಂದು ಅರ್ಥವಿಚಾರ

ವಚನಗಳಿಗೂ, ತತ್ತ್ವಪದಗಳಿಗೂ, ತಂತ್ರಾಗಮಗಳ ಕನ್ನಡ ಟೀಕೆಗಳಿಗೂ ಬರೆಯಲ್ಪಡುವ ಟಿಪ್ಪಣಿಗಳಲ್ಲಿ ಒಂದು ವಾಡಿಕೆ ಬೇರೂರಿರುವುದನ್ನು ಓದುಗರು ಗಮನಿಸಿರಬಹುದು. ಮೂಲದಲ್ಲಿ ಆಧಾರ, ಮಣಿಪೂರಕ, ಅನಾಹತ ಮೊದಲಾದ ಚಕ್ರನಾಮಗಳು ಬಂದೊಡನೆ ಟಿಪ್ಪಣಿಕಾರರು ‘ನಾಭಿಯ ಹಿಂದಣ ನರಗ್ರಂಥಿ’, ‘ಹೃದಯದೆಡೆಯ ನರಗ್ರಂಥಿ’ ಎಂದು ಅರ್ಥ ಬರೆದು ಮುಂದೆ ಸಾಗುತ್ತಾರೆ. ಓದುವವನಿಗೆ ಪ್ರಾಚೀನರ ಮಾತಿಗೆ ಪಾಶ್ಚಾತ್ಯ ವೈದ್ಯಶಾಸ್ತ್ರದ ಸಾಕ್ಷಿ ದೊರೆಯಿತೆಂಬ ತೃಪ್ತಿ; ಬೋಧಿಸುವವನಿಗೆ ಕಠಿನವಾದ ಸ್ಥಳವೊಂದನ್ನು ದಾಟಿದ ನೆಮ್ಮದಿ. ಈ ಅರ್ಥವು ಶಾರೀರಶಾಸ್ತ್ರಕ್ಕೆ ಒಪ್ಪುತ್ತದೆಯೇ, ಮೂಲಗ್ರಂಥಕ್ಕೆ ಒಪ್ಪುತ್ತದೆಯೇ ಎಂಬ ಎರಡು ಪ್ರಶ್ನೆಗಳನ್ನು ಮಾತ್ರ ಯಾರೂ ಕೇಳಿದಂತೆ ಕಾಣುವುದಿಲ್ಲ. ಎರಡಕ್ಕೂ ಒಪ್ಪುವುದಿಲ್ಲವೆಂಬುದೇ ನನ್ನ ಪಕ್ಷ.

ಮೊದಲು ಪದಾರ್ಥವನ್ನು ನೋಡೋಣ. ಪಾಶ್ಚಾತ್ಯರು ಗ್ಯಾಂಗ್ಲಿಯಾನ್ ಎಂದು ಕರೆಯುವುದು ಮಿದುಳು ಮತ್ತು ಬೆನ್ನುಹುರಿಗಳ ಹೊರಗೆ ನರಕೋಶಗಳ ಕಾಯಗಳು ಗುಂಪುಗೂಡಿ ಉಂಟಾದ ಗಂಟನ್ನು. ‘ಹೊರಗೆ’ ಎಂಬ ಮಾತು ಲಕ್ಷಣದ ಪ್ರಾಣ. ಇವುಗಳಲ್ಲಿ ಎರಡು ಜಾತಿಗಳುಂಟು. ಮೊದಲನೆಯದು ವೇದನೆಯನ್ನು ಒಯ್ಯುವ ನರಗಳ ಗಂಟುಗಳು. ಬೆನ್ನುಹುರಿಯಿಂದ ೩೧ ಜೊತೆ ನರಗಳು ಹೊರಡುತ್ತವೆ. ಪ್ರತಿಯೊಂದರ ಹಿಂಬೇರಿನಲ್ಲಿ ಸಾಮಾನ್ಯವಾಗಿ ಇಂಥದೊಂದು ಗಂಟು ಇರುವುದು. ಚರ್ಮ, ಮಾಂಸ, ಕೀಲುಗಳಿಂದ ಸ್ಪರ್ಶವನ್ನೂ ನೋವನ್ನೂ ತರುವ ತಂತುಗಳ ಕೋಶಕಾಯಗಳು ಇಲ್ಲಿ ನೆಲೆಸಿವೆ. ಮುಖದ ವೇದನೆಗೆ ತಲೆಬುರುಡೆಯೊಳಗೆ ಇದೇ ಜಾತಿಯ ದೊಡ್ಡ ಗಂಟೊಂದುಂಟು. ಈ ಜಾತಿಯಲ್ಲಿ ಒಂದು ನರಕೋಶದಿಂದ ಇನ್ನೊಂದಕ್ಕೆ ಸಂದೇಶದ ಕೈಬದಲಾವಣೆ ನಡೆಯುವುದಿಲ್ಲ. ಕೋಶವು ಬದಿಗೆ ತೂಗಿಕೊಂಡಿರುತ್ತದೆ, ಸಂದೇಶವು ಹಾದುಹೋಗುತ್ತದೆ.

ಎರಡನೆಯ ಜಾತಿ ನಮ್ಮ ಇಚ್ಛೆಗೆ ಒಳಪಡದೆ ನಡೆಯುವ ನರಮಂಡಲಕ್ಕೆ ಸೇರಿದ್ದು. ಇದಕ್ಕೆ ಈಗ ರೂಢವಾಗಿರುವ ಆಂಗ್ಲ ನಾಮವನ್ನು ಕೇಂಬ್ರಿಜ್ಜಿನ ಲ್ಯಾಂಗ್ಲಿ ಎಂಬ ವಿದ್ವಾಂಸನು ೧೮೯೮ರಲ್ಲಿ ಇಟ್ಟನು. ಇದರಲ್ಲಿ ಅನುವೇದನಾ ಎಂಬ ಶಾಖೆಯ ಗಂಟುಗಳು ಬೆನ್ನುಮೂಳೆಯ ಎಡಬಲಗಳಲ್ಲಿ ಎರಡು ಸರಪಳಿಗಳಾಗಿ ಕತ್ತಿನಿಂದ ತ್ರಿಕದವರೆಗೆ ಇಳಿಯುತ್ತವೆ. ಕತ್ತಿನಲ್ಲಿ ಸಾಮಾನ್ಯವಾಗಿ ಮೂರು, ಎದೆಯಲ್ಲಿ ಹತ್ತರಿಂದ ಹನ್ನೆರಡು, ಸೊಂಟದಲ್ಲಿಯೂ ತ್ರಿಕದಲ್ಲಿಯೂ ನಾಲ್ಕೈದು. ಕೊನೆಗೆ ಗುದಾಸ್ಥಿಯ ಮುಂದೆ ಎರಡು ಸರಪಳಿಗಳೂ ಕೂಡಿ ಜೊತೆಯಿಲ್ಲದ ಒಂಟಿ ಗಂಟೊಂದರಲ್ಲಿ ಮುಗಿಯುತ್ತವೆ. ಇವಲ್ಲದೆ ಹೊಟ್ಟೆಯ ಮಹಾಧಮನಿಯ ಮುಂಭಾಗದಲ್ಲಿ ಬೇರೆ ಕೆಲವುಂಟು. ಪರಾನುವೇದನಾ ಎಂಬ ಇನ್ನೊಂದು ಶಾಖೆಯ ಗಂಟುಗಳಾದರೋ ತಲೆಯಲ್ಲಿ ನಾಲ್ಕು ಜೊತೆ; ಉಳಿದವು ಆಯಾ ಅವಯವಗಳ ಬಳಿಯಲ್ಲಿ ಅಥವಾ ಅವುಗಳ ಗೋಡೆಯಲ್ಲಿಯೇ ಅಡಗಿವೆ.

ಈ ಎರಡನೆಯ ಜಾತಿಯ ಕೆಲಸ ಸಂದೇಶದ ಕೈಬದಲಾವಣೆ. ಬೆನ್ನುಹುರಿಯಿಂದ ಬಂದ ತಂತು ಇಲ್ಲಿ ಕೊನೆಗೊಂಡು, ಬೇರೊಂದು ನರಕೋಶವು ಸಂದೇಶವನ್ನು ಹೃದಯಕ್ಕೋ ಕರುಳಿಗೋ ಕಣ್ಣಿನ ಪಾಪೆಗೋ ಒಯ್ಯುತ್ತದೆ. ೧೮೮೯ರಲ್ಲಿ ಲ್ಯಾಂಗ್ಲಿಯೂ ಡಿಕಿನ್ಸನ್ನನೂ ಗಂಟಿನ ಮೇಲೆ ಹೊಗೆಸೊಪ್ಪಿನ ಸತ್ತ್ವವಾದ ನಿಕೋಟಿನ್ನನ್ನು ಲೇಪಿಸಿದರು. ಗಂಟಿಗೆ ಮುಂಚಿನ ನರವನ್ನು ಕೆರಳಿಸಿದರೆ ಫಲವಿಲ್ಲ, ಗಂಟಿನ ಆಚೆಯ ನರವನ್ನು ಕೆರಳಿಸಿದರೆ ಫಲವುಂಟು ಎಂದು ಕಂಡಿತು. ಯಾವ ತಂತು ಎಲ್ಲಿ ಕೈಬದಲಿಸುತ್ತದೆಯೆಂಬುದನ್ನು ಅವರು ಹೀಗೆ ಒಂದೊಂದಾಗಿ ಗುರುತಿಸಿದರು. ಅನ್ವಯ-ವ್ಯತಿರೇಕಗಳಿಗೆ ಇದಕ್ಕಿಂತ ಅಚ್ಚುಕಟ್ಟಾದ ಉದಾಹರಣೆಯನ್ನು ನಮ್ಮ ತರ್ಕಪಾಠಗಳಲ್ಲಿಯೂ ಹುಡುಕಬೇಕು.

ಇನ್ನು ಶಬ್ದಚರಿತ್ರೆ. ಗ್ಯಾಂಗ್ಲಿಯಾನ್ ಎಂಬ ಗ್ರೀಕ್ ಶಬ್ದವು ಮೊದಲಲ್ಲಿ ರೋಗವಾಚಿ. ಸ್ನಾಯುರಜ್ಜುಗಳ ಬಳಿ ಚರ್ಮದಡಿಯಲ್ಲಿ ಏಳುವ ಗಂಟಿಗೆ ಆ ಹೆಸರು. ಮಣಿಕಟ್ಟಿನ ಮೇಲೆ ಏಳುವ ಗಂಟನ್ನು ವೈದ್ಯರು ಇಂದಿಗೂ ಹಾಗೆಯೇ ಕರೆಯುತ್ತಾರೆ. ಕ್ರಿ.ಶ. ೨ನೆಯ ಶತಮಾನದ ಗೇಲೆನ್ ಎಂಬ ವೈದ್ಯನು ಅದನ್ನು ನರದ ಮೇಲಣ ಉಬ್ಬಿಗೆ ಸಾದೃಶ್ಯದಿಂದ ಹಚ್ಚಿದನು. ನಮ್ಮ ‘ಗ್ರಂಥಿ’ಯ ಗತಿಯೂ ವಿಲಕ್ಷಣವಾಗಿ ಇಂಥದೇ. ಸುಶ್ರುತನು ನಿದಾನಸ್ಥಾನದಲ್ಲಿ ಗ್ರಂಥಿಯನ್ನು ಅಪಚೀ, ಅರ್ಬುದ, ಗಲಗಂಡಗಳ ಜೊತೆಯಲ್ಲಿ ರೋಗವಾಗಿ ಹೇಳಿದ್ದಾನೆ. ಆದಕಾರಣ ಮೊದಲು ‘ನರಗ್ರಂಥಿ’ ಎಂದವರು ಜಾಣರೇ ಸರಿ. ತೊಡಕು ಬಂದದ್ದು ಆಮೇಲೆ. ರಸವನ್ನು ಸುರಿಸುವ ಅವಯವಗಳಿಗೂ ಕನ್ನಡದಲ್ಲಿ ಗ್ರಂಥಿ ಎಂಬ ಹೆಸರೇ ನಿಂತಿತು: ಲಾಲಾಗ್ರಂಥಿ, ಥೈರಾಯ್ಡ್ ಗ್ರಂಥಿ ಇತ್ಯಾದಿ. ಹೀಗಾಗಿ ‘ನರಗ್ರಂಥಿ’ ಎಂದೊಡನೆ ವಿದ್ಯಾರ್ಥಿಯು ನರದಿಂದ ಏನೋ ರಸ ಒಸರುವುದೆಂದು ಭಾವಿಸುತ್ತಾನೆ. ಇದರ ಮೇಲೆ ಯೋಗಶಾಸ್ತ್ರದ ಬ್ರಹ್ಮಗ್ರಂಥಿ, ವಿಷ್ಣುಗ್ರಂಥಿ, ರುದ್ರಗ್ರಂಥಿಗಳೂ ಉಪನಿಷತ್ತಿನ ಹೃದಯಗ್ರಂಥಿಯೂ ಸೇರಿದರೆ ಗೊಂದಲ ಸಂಪೂರ್ಣ. ಹೃದಯಗ್ರಂಥಿಯೆಂದರೆ ಅವಿದ್ಯೆಯ ಕಟ್ಟು; ಅದು ಬಿಚ್ಚಬೇಕಾದದ್ದು. ನರದ ಗಂಟು ಹಾಗೆ ಬಿಚ್ಚಬೇಕಾದದ್ದಲ್ಲ.

(‘ಸ್ನಾಯು’ ಶಬ್ದದ ಪಾಡು ಇನ್ನೂ ವಿಚಿತ್ರ. ಸುಶ್ರುತನಿಗೆ ಅದು ಕೀಲುಗಳನ್ನು ಕಟ್ಟುವ ತಂತು. ಅವನ ಲೆಕ್ಕದಲ್ಲಿ ಒಂಬೈನೂರು. ಬಂಗಾಳಿಗಳಿಗೆ ಅದು ನರ; ಕನ್ನಡಿಗರಿಗೆ ಮಾಂಸಖಂಡ. ಬಂಗಾಳಿಯ ಪುಸ್ತಕವನ್ನು ನೋಡಿ ಕನ್ನಡಿಸುವವರು ಎಚ್ಚರವಾಗಿರಬೇಕು.)

ಚಕ್ರಗಳನ್ನು ನರಜಾಲಗಳೊಡನೆ ಗಂಟುಹಾಕುವ ಪ್ರಯತ್ನವು ಹೊಸದಲ್ಲ. ವಾಮನದಾಸ ವಸುಗಳು ೧೮೮೮ರಲ್ಲಿ ಥಿಯಾಸಫಿಸ್ಟ್ ಪತ್ರಿಕೆಯಲ್ಲಿ ತಂತ್ರಗಳ ಶಾರೀರವನ್ನು ಕುರಿತು ಬರೆದರು. ೧೯೨೭ರಲ್ಲಿ ಮುಂಬಯಿಯ ವೈದ್ಯ ವಸಂತ ರೇಳೆಯವರು ಕುಂಡಲಿನಿಯನ್ನು ಕುರಿತ ತಮ್ಮ ಆಂಗ್ಲ ಗ್ರಂಥದಲ್ಲಿ ಕುಂಡಲಿನಿಯೆಂದರೆ ಬಲಗಡೆಯ ವೇಗಸ್ ನರವೆಂದೇ ಪ್ರತಿಪಾದಿಸಿದರು. ರೇಳೆಯವರ ಶ್ರಮವು ಸಾಧಾರಣವಲ್ಲ. ಯೋಗಿಗಳ ನಾಡಿಸ್ತಂಭನಾದಿ ಸಾಮರ್ಥ್ಯಗಳನ್ನು ಪವಾಡವೆನ್ನದೆ ಕಾರಣವನ್ನು ಅರಸಿದ್ದು ಶ್ಲಾಘ್ಯವಾದದ್ದೇ. ಆದರೆ ಆ ಗ್ರಂಥಕ್ಕೆ ಮುನ್ನುಡಿ ಬರೆದ ಜಾನ್ ವುಡ್ರಫ್‌ರೇ, ದೇವಿಯು ಒಂದು ನರವೆಂದು ಹೇಳಲಾಗದೆಂದು ಅಲ್ಲಿಯೇ ತಮ್ಮ ಭಿನ್ನಾಭಿಪ್ರಾಯವನ್ನು ಸೂಚಿಸಿದ್ದಾರೆ. ಪೂರ್ಣಾನಂದರ ಷಟ್ಚಕ್ರನಿರೂಪಣವನ್ನು ೧೯೧೯ರಲ್ಲಿ ಆಂಗ್ಲಕ್ಕೆ ತಂದವರು ಅವರೇ. ಮುನ್ನುಡಿಯನ್ನು ಓದದೆ ಗ್ರಂಥವನ್ನು ಉದ್ಧರಿಸುವ ಪದ್ಧತಿಯಿಂದ ಈ ಎಚ್ಚರಿಕೆ ನಮ್ಮವರಿಗೆ ಮುಟ್ಟಲಿಲ್ಲವೆಂದು ತೋರುತ್ತದೆ.

ಈ ಪಕ್ಷಕ್ಕೆ ಸಾದೃಶ್ಯದ ಬಲವುಂಟೆಂಬುದನ್ನು ಮರೆಮಾಚಬಾರದು. ಬೆನ್ನುಮೂಳೆಯ ಎಡಬಲದ ಎರಡು ಸರಪಳಿಗಳನ್ನು ಕಂಡವನಿಗೆ ಇಡಾಪಿಂಗಲೆಗಳು ನೆನಪಾಗುವುದು ಸಹಜ. ಅವು ಕೆಳಗೆ ಒಂದಾಗುವುದನ್ನು ಕಂಡವನಿಗೆ ಆಧಾರದ ತ್ರಿವೇಣಿ ನೆನಪಾದರೂ ಆಶ್ಚರ್ಯವಿಲ್ಲ. ಆದರೆ ಸಾದೃಶ್ಯವು ತಾದಾತ್ಮ್ಯವಲ್ಲ. ಪೂರ್ಣಾನಂದರ ಪ್ರಕಾರ ಸುಷುಮ್ನೆಯು ಮೇರುವಿನ ಒಳಗೆ. ಪದ್ಮಗಳು ಅದರೊಳಗಣ ನಾಡಿಯಲ್ಲಿ ಪೋಣಿಸಲ್ಪಟ್ಟಿವೆ. ಗಂಟುಗಳಾದರೋ ಲಕ್ಷಣದಿಂದಲೇ ಬೆನ್ನುಹುರಿಯ ಹೊರಗಿನವು, ಬಹುಮಟ್ಟಿಗೆ ಜೊತೆಜೊತೆಯಾದವು. ಇದಲ್ಲದೆ ಜಾಲವೂ ಗಂಟೂ ಒಂದೇ ಎಂದು ಈ ಲೇಖಕರು ಭ್ರಮಿಸುತ್ತಾರೆ. ಜಾಲವೆಂದರೆ ನರಶಾಖೆಗಳ ಹೆಣಿಗೆ; ತೋಳಿಗೆ ಹೋಗುವ ಜಾಲದಲ್ಲಿ ಗಂಟೇ ಇಲ್ಲ.

ದಳಗಳ ಸಂಖ್ಯೆಯನ್ನು ನೋಡಿದರೆ ಇನ್ನೂ ಸ್ಪಷ್ಟವಾಗುತ್ತದೆ. ಆಧಾರಕ್ಕೆ ನಾಲ್ಕು, ಸ್ವಾಧಿಷ್ಠಾನಕ್ಕೆ ಆರು, ಮಣಿಪೂರಕ್ಕೆ ಹತ್ತು, ಅನಾಹತಕ್ಕೆ ಹನ್ನೆರಡು, ವಿಶುದ್ಧಕ್ಕೆ ಹದಿನಾರು, ಆಜ್ಞೆಗೆ ಎರಡು, ಕೂಡಿದರೆ ಐವತ್ತು. ಇದು ನರಶಾಖೆಗಳ ಎಣಿಕೆಯಲ್ಲ, ಮಾತೃಕೆಯ ಎಣಿಕೆ. ವಿಶುದ್ಧದ ಹದಿನಾರು ದಳಗಳು ಹದಿನಾರು ಸ್ವರಗಳು. ಅನಾಹತದ ಹನ್ನೆರಡು ಕಕಾರದಿಂದ ಠಕಾರದವರೆಗಿನ ವ್ಯಂಜನಗಳು. ಬೌದ್ಧರ ಹೇವಜ್ರತಂತ್ರದಲ್ಲಿ ಚಕ್ರಗಳು ನಾಲ್ಕೇ. ನಾಭಿಯಲ್ಲಿ ಅರುವತ್ತನಾಲ್ಕು, ಹೃದಯದಲ್ಲಿ ಎಂಟು, ಕಂಠದಲ್ಲಿ ಹದಿನಾರು, ಶಿರಸ್ಸಿನಲ್ಲಿ ಮೂವತ್ತೆರಡು ದಳಗಳು. ಬೌದ್ಧರ ಶರೀರವೂ ಶಾಕ್ತರ ಶರೀರವೂ ಬೇರೆಬೇರೆಯೆಂದು ಹೇಳಲು ಯಾವ ವೈದ್ಯನಾದರೂ ಸಿದ್ಧನಿದ್ದಾನೆಯೇ? ಬೇರೆಯಾದದ್ದು ಶರೀರವಲ್ಲ, ಧ್ಯಾನಕ್ರಮ.

ಇಂದ್ರಿಯಗಳ ಸಂಬಂಧವು ಈ ಪಕ್ಷವನ್ನು ಪೂರ್ತಿಯಾಗಿ ಕೆಡವುತ್ತದೆ. ಆಧಾರವು ಪೃಥ್ವಿ, ಆದ್ದರಿಂದ ಗಂಧ. ಸ್ವಾಧಿಷ್ಠಾನವು ಜಲ, ಆದ್ದರಿಂದ ರಸ. ಮಣಿಪೂರವು ಅಗ್ನಿ, ಆದ್ದರಿಂದ ರೂಪ. ವಿಶುದ್ಧವು ಆಕಾಶ, ಆದ್ದರಿಂದ ಶಬ್ದ. ಶಾರೀರದಲ್ಲಾದರೋ ಗಂಧವನ್ನರಿಯುವ ಕೋಶಗಳು ಮೂಗಿನ ಒಳಪೊರೆಯಲ್ಲಿ. ರುಚಿಯನ್ನು ಒಯ್ಯುವ ನರಗಳ ಗಂಟುಗಳು ತಲೆಬುರುಡೆಯ ಬುಡದಲ್ಲಿ. ಶಬ್ದಕ್ಕೆ ಸೇರಿದ ಗಂಟು ಒಳಕಿವಿಯ ಶಂಖದಲ್ಲಿ. ವಸ್ತಿಪ್ರದೇಶದ ಗಂಟುಗಳಿಗೂ ಗಂಧಕ್ಕೂ ಏನು ಸಂಬಂಧ? ತಂತ್ರಕಾರರು ನರದ ಗಂಟುಗಳನ್ನೇ ಹೇಳಿದರೆಂದಾದರೆ ಅವರು ತಪ್ಪನ್ನೇ ಹೇಳಿದರೆಂದಾಗುವುದು. ಅವರನ್ನು ಗೌರವಿಸುವ ಉದ್ದೇಶದಿಂದ ಹೊರಟ ವ್ಯಾಖ್ಯಾನವು ಅವರನ್ನು ಅಜ್ಞರನ್ನಾಗಿ ಮಾಡುತ್ತದೆ.

ಗಂಟುಗಳಿಗೆ ಇಷ್ಟು ಮಹತ್ತ್ವವು ಬಂದದ್ದಾದರೂ ಹೇಗೆ? ಕ್ರಿ.ಶ. ೧೮೦೦ರ ಸುಮಾರಿನಲ್ಲಿ ಫ್ರಾನ್ಸಿನ ಬಿಷಾ ಎಂಬ ಶಾರೀರಜ್ಞನು ಒಂದೊಂದು ಗಂಟೂ ಸ್ವತಂತ್ರವಾದ ಪುಟ್ಟ ಮಿದುಳೆಂದು ಹೇಳಿದ್ದನು. ಕರುಳಿನ ಗೋಡೆಯ ನರಜಾಲಕ್ಕೆ ಬಹುಮಟ್ಟಿನ ಸ್ವಾತಂತ್ರ್ಯವುಂಟೆಂಬುದು ನಿಜವಾದರೂ, ಸರಪಳಿಯ ಗಂಟುಗಳ ವಿಷಯದಲ್ಲಿ ಲ್ಯಾಂಗ್ಲಿಯ ತರುವಾಯ ಆ ಮತವು ನಿಲ್ಲಲಿಲ್ಲ. ಗಂಟನ್ನು ಚೈತನ್ಯದ ಪೀಠವೆನ್ನುವ ನಮ್ಮ ಟಿಪ್ಪಣಿಗಳಲ್ಲಿ ಈ ಬಿಟ್ಟುಹೋದ ಮತದ ನೆರಳಿದೆಯೆಂದು ನನ್ನ ಊಹೆ.

ದಯಾನಂದ ಸರಸ್ವತಿಗಳು ನದಿಯಲ್ಲಿ ತೇಲಿಬಂದ ಶವವನ್ನು ಸೀಳಿ, ಚಕ್ರಗಳನ್ನು ಕಾಣದೆ, ಯೋಗದ ಕೆಲವು ಪುಸ್ತಕಗಳನ್ನು ಹರಿದು ನೀರಿಗೆಸೆದ ಸಂಗತಿಯನ್ನು ತಮ್ಮ ಆತ್ಮಕಥನದಲ್ಲಿ ಹೇಳಿದ್ದಾರೆ. ರೇಳೆಯವರದು ಮಂಡನ, ಇವರದು ಖಂಡನ. ಆದರೆ ಚಕ್ರವೆಂಬುದು ಕತ್ತಿಗೆ ಸಿಕ್ಕಬೇಕಾದ ವಸ್ತುವೆಂಬ ಗೃಹೀತವು ಇಬ್ಬರಿಗೂ ಸಮಾನ. ಶವವನ್ನು ಹುಲ್ಲಿನಲ್ಲಿ ಸುತ್ತಿ ನೀರಿನಲ್ಲಿ ಏಳು ರಾತ್ರಿ ಇರಿಸಿ, ಪದರಪದರವಾಗಿ ಉಜ್ಜಿ ನೋಡಬೇಕೆಂದು ವಿಧಿಸಿದ ಸುಶ್ರುತನು ಏಳುನೂರು ಸಿರೆಗಳನ್ನೂ ನೂರೇಳು ಮರ್ಮಗಳನ್ನೂ ಎಣಿಸಿದನಲ್ಲದೆ ಷಟ್ಚಕ್ರಗಳ ಮಾತನ್ನೆತ್ತಲಿಲ್ಲ. ಗಾಲಿಯ ಗುಂಬವನ್ನು ಅರಗಳು ಸುತ್ತಿರುವಂತೆ ಸಿರೆಗಳು ನಾಭಿಯನ್ನು ಸುತ್ತಿವೆಯೆಂದು ಅವನು ಹೇಳಿರುವುದುಂಟು, ಅದು ಉಪಮೆ. ಅದನ್ನು ಹಿಡಿದು ಮಣಿಪೂರಕವನ್ನು ಸಾಧಿಸುವುದು ಸಾಹಸವೇ ಸರಿ.

ನಮ್ಮ ವಚನಸಾಹಿತ್ಯಕ್ಕೆ ಇದರಿಂದ ಆಗುವ ಹಾನಿಯೇ ನನಗೆ ಮುಖ್ಯ. ಷಟ್‌ಸ್ಥಲದ ವಿವರಣೆಯಲ್ಲಿ ಆಧಾರದಲ್ಲಿ ಆಚಾರಲಿಂಗ, ಅಲ್ಲಿ ಭಕ್ತಸ್ಥಲ, ಅದಕ್ಕೆ ಘ್ರಾಣವೆಂಬ ಮುಖ, ಗಂಧವೆಂಬ ಅರ್ಪಿತ; ಹೀಗೆಯೇ ಆಜ್ಞೆಯ ಮಹಾಲಿಂಗದವರೆಗೆ ಒಂದು ಸರಣಿ. ಇಲ್ಲಿ ಶರಣನು ಮೂಸಿದ್ದೂ ಸವಿದದ್ದೂ ಕಂಡದ್ದೂ ಲಿಂಗಕ್ಕೆ ಸಲ್ಲುವ ಬಗೆಯನ್ನು ಹೇಳಿದೆ. ‘ಆಧಾರ’ಕ್ಕೆ ‘ವಸ್ತಿಯ ನರಗ್ರಂಥಿ’ ಎಂದು ಅರ್ಥ ಬರೆದ ಕ್ಷಣದಲ್ಲಿ ಘ್ರಾಣವೂ ಗಂಧವೂ ಅರ್ಪಣವೂ ಅನಾಥವಾಗುತ್ತವೆ. ವಿದ್ಯಾರ್ಥಿಗೆ ವಚನವೂ ಇಲ್ಲ, ಶಾರೀರವೂ ಇಲ್ಲ. ಟಿಪ್ಪಣಿಕಾರರು ಚಕ್ರಕ್ಕೆ ಅದರ ತತ್ತ್ವ, ವರ್ಣ, ಲಿಂಗ, ಸ್ಥಲಗಳನ್ನೇ ಬರೆಯತಕ್ಕದ್ದು. ಸ್ಥಾನವನ್ನು ಹೇಳಲೇಬೇಕಾದರೆ ‘ನಾಭಿಯಲ್ಲಿ ಭಾವಿಸುವ ಪದ್ಮ’ ಎಂದರೆ ಸಾಕು.

ಪರಿಭಾಷೆಯ ವಿಷಯದಲ್ಲಿ ನನ್ನ ಸೂಚನೆ ಸರಳವಾದದ್ದು. ರಸವನ್ನು ಸುರಿಸುವುದಕ್ಕೆ ‘ಗ್ರಂಥಿ’ ರೂಢವಾಗಿದೆ, ಇರಲಿ. ನರಶಾಖೆಗಳ ಹೆಣಿಗೆಗೆ ‘ನರಜಾಲ’, ಗ್ಯಾಂಗ್ಲಿಯಾನಿಗೆ ಅಚ್ಚಕನ್ನಡದ ‘ನರಗಂಟು’ ಸಾಕು. ಮಿದುಳಿನ ತಳದ ಕೋಶಸಮೂಹಗಳನ್ನು ಪಾಶ್ಚಾತ್ಯರು ಹಳೆಯ ರೂಢಿಯಿಂದ ಗ್ಯಾಂಗ್ಲಿಯಾ ಎನ್ನುತ್ತಾರೆ. ಒಳಗಿನವಾದ್ದರಿಂದ ಅವು ಲಕ್ಷಣಕ್ಕೆ ಹೊರತು, ಅವನ್ನು ಗಂಟೆಂದು ಅನುವಾದಿಸಬಾರದು.

ನರಗಂಟಿನ ಕಾರ್ಯವನ್ನು ತಿಳಿಸಲು ಉಪಾಧ್ಯಾಯರಿಗೆ ಉದಾಹರಣೆ ಬೇಕಾದರೆ ಕುಂಡಲಿನಿಯ ಸರ್ಪವನ್ನು ಬಿಟ್ಟು ನಮ್ಮ ಜನರ ಸರ್ಪಸುತ್ತನ್ನು ಹಿಡಿಯಲಿ. ಸೀತಾಳೆ ಸಿಡುಬಿನ ವೈರಾಣುವು ರೋಗ ವಾಸಿಯಾದ ಮೇಲೂ ಹಿಂಬೇರಿನ ಗಂಟುಗಳಲ್ಲಿ ವರ್ಷಗಟ್ಟಲೆ ಮಲಗಿದ್ದು, ದೇಹಬಲ ಕುಗ್ಗಿದಾಗ ಎದ್ದು ಆ ಗಂಟಿನ ನರದ ಹರಹಿನಲ್ಲಿಯೇ ಮೈಯ ಒಂದು ಪಕ್ಕಕ್ಕೆ ಪಟ್ಟಿಯಾಗಿ ಬೊಕ್ಕೆಗಳನ್ನೆಬ್ಬಿಸುತ್ತದೆ. ಹೆಡ್ ಮತ್ತು ಕ್ಯಾಂಬೆಲ್ ಎಂಬವರು ೧೯೦೦ರಲ್ಲಿ ರೋಗಿಗಳ ಮರಣಾನಂತರ ಅದೇ ಗಂಟುಗಳನ್ನು ಪರೀಕ್ಷಿಸಿ ಅಲ್ಲಿಯ ವಿಕಾರವನ್ನು ಕಂಡರು. ಹಾವಿನ ತಲೆಯೂ ಬಾಲವೂ ಕೂಡಿದರೆ ಮರಣವೆಂದು ಹಳ್ಳಿಗರು ಅಂಜುವುದುಂಟು. ಒಂದು ಪಕ್ಕದ ಗಂಟಿನ ನರವು ಬೆನ್ನಿನಿಂದ ಹೊರಟು ಮುಂಭಾಗದ ನಡುಗೆರೆಯಲ್ಲಿ ನಿಲ್ಲುವುದರಿಂದ ಸಾಮಾನ್ಯವಾಗಿ ಅದು ಸುತ್ತಿ ಬಂದು ಕೂಡುವುದಿಲ್ಲ.