ಕಳುಹಿಸಿದ ಉಡುಗೊರೆ, ತಟ್ಟಿದ ಬಾಗಿಲು: ಡಿಕನ್ಸನ ಕ್ರಿಸ್ಮಸ್ ಕಥೆಯ ಒಂದು ದೈವಶಾಸ್ತ್ರೀಯ ವಿಮರ್ಶೆ

ಚಾರ್ಲ್ಸ್ ಡಿಕನ್ಸನ ‘ಎ ಕ್ರಿಸ್ಮಸ್ ಕ್ಯಾರಲ್’ 1843ರ ಡಿಸೆಂಬರ್ 19ರಂದು ಲಂಡನ್ನಿನಲ್ಲಿ ಪ್ರಕಟವಾಯಿತು. ಜಿಪುಣ ಸ್ಕ್ರೂಜನು ಒಂದೇ ರಾತ್ರಿಯಲ್ಲಿ ಮನಃಪರಿವರ್ತನೆ ಹೊಂದುವ ಈ ಕಥೆಯನ್ನು ನಾವು ಪ್ರಬೋಧನೆಗಳಲ್ಲಿ ಧಾರಾಳವಾಗಿ ಬಳಸುತ್ತೇವೆ. ವಿಮರ್ಶೆಗೆ ಒಳಪಡಿಸುವುದು ಮಾತ್ರ ಅಪರೂಪ. ಇಂದಿನ ಕ್ರಿಸ್ಮಸ್ ದಾನದ ರೂಢಿಯು ಶುಭಸಂದೇಶದಿಂದ ಕಲಿತಷ್ಟೇ ಈ ಪುಸ್ತಕದಿಂದಲೂ ಕಲಿತಿದೆ ಎಂಬುದು ನನ್ನ ಎಣಿಕೆ. ಹಾಗಿದ್ದಲ್ಲಿ, ಅದು ನಮಗೆ ಕಲಿಸಿದ್ದೇನು ಎಂದು ಕೇಳುವುದು ದೈವಶಾಸ್ತ್ರದ ಹೊಣೆಯೇ ಆಗಿದೆ.

ಈ ಪ್ರಶ್ನೆಯನ್ನು ಕೇಳಲು ತಕ್ಕ ಸ್ಥಳ ಡಿಕನ್ಸನ ನಾಡಿನಲ್ಲಿಯೇ ಇದೆ. ಬೀದಿಬದುಕಿನಿಂದ ಬಂದವರು, ಮನೋರೋಗದಿಂದ ಚೇತರಿಸಿಕೊಳ್ಳುತ್ತಿರುವವರು, ವಿಕಲಚೇತನರು, ಮನೆಯೊಳಗಿನ ಹಿಂಸೆಯಿಂದ ಪಾರಾಗಿ ಬಂದವರು, ಒಂಟಿ ವೃದ್ಧರು ಮುಂತಾದವರಿಗೆ ಬ್ರಿಟನ್ನಿನಲ್ಲಿ ‘ಆಸರೆವಸತಿ’ ಎನ್ನಬಹುದಾದ ಏರ್ಪಾಡಿದೆ: ತಲೆಯ ಮೇಲೊಂದು ಸೂರು, ಅದರ ಜೊತೆಗೆ ದಿನನಿತ್ಯದ ಬದುಕಿಗೆ ಬೇಕಾದ ನೆರವು. ಅದು ಆಸ್ಪತ್ರೆಯಲ್ಲ. ಅನೇಕ ಕಡೆ ನಿವಾಸಿಗೆ ತನ್ನದೇ ಕೋಣೆ, ತನ್ನದೇ ಬೀಗದ ಕೈ ಇರುತ್ತದೆ. ಕ್ರಿಸ್ಮಸ್ ಸಮೀಪಿಸಿದಂತೆ ಚರ್ಚುಗಳೂ ಶಾಲೆಗಳೂ ನೆರೆಹೊರೆಯವರೂ ಸೇರಿ ಇಂಥ ವಸತಿಗಳಿಗೆ ಉಡುಗೊರೆಗಳನ್ನು ಸಂಗ್ರಹಿಸಿ ಕಳುಹಿಸುತ್ತಾರೆ. ಆದರೆ ಹಬ್ಬದ ದಿನ ಲಂಡನ್ನಿನಲ್ಲಿ ಬಸ್ಸುಗಳೂ ಸುರಂಗ ರೈಲುಗಳೂ ಓಡುವುದಿಲ್ಲ. ಸ್ವಂತ ವಾಹನವಿಲ್ಲದವನಿಗೆ ಅಂದು ಊರೇ ಮುಚ್ಚಿದಂತೆ. ಉಡುಗೊರೆ 20ನೇ ತಾರೀಖಿಗೇ ತಲುಪಿರಬಹುದು. 25ರಂದು ಅವನ ಬಾಗಿಲು ತಟ್ಟುವವರು ಯಾರು?

ಮೊದಲು ಡಿಕನ್ಸನಿಗೆ ಸಲ್ಲಬೇಕಾದುದನ್ನು ಸಲ್ಲಿಸೋಣ. ಅವನು ಬರೆದದ್ದು 1834ರ ಬಡವರ ಕಾಯಿದೆಯ ನೆರಳಿನಲ್ಲಿ. ದುಡಿಯಬಲ್ಲ ಬಡವರಿಗೆ ‘ವರ್ಕ್‌ಹೌಸ್’ ಎಂಬ ಕಠೋರ ಆಶ್ರಯದ ಗೋಡೆಗಳೊಳಗೆ ಮಾತ್ರ ನೆರವು ಸಿಗಬೇಕೆಂಬುದು ಆ ಕಾಯಿದೆಯ ಧೋರಣೆಯಾಗಿತ್ತು. ಬಡವರಿಗಾಗಿ ಹಣ ಕೇಳಲು ಬಂದ ಇಬ್ಬರು ಸಜ್ಜನರನ್ನು ಸ್ಕ್ರೂಜನು ಸೆರೆಮನೆಗಳಿಲ್ಲವೇ, ವರ್ಕ್‌ಹೌಸುಗಳಿಲ್ಲವೇ ಎಂದು ಪ್ರಶ್ನಿಸುತ್ತಾನೆ. ವ್ಯವಸ್ಥೆ ಇದೆಯಲ್ಲ, ಇನ್ನು ನನಗೇನು ಕೆಲಸ ಎಂಬ ಈ ಮನೋಭಾವವನ್ನು ಡಿಕನ್ಸ್ ಬಯಲಿಗೆಳೆದ ರೀತಿ ಇಂದಿಗೂ ಚುಚ್ಚುತ್ತದೆ. ಆಸರೆವಸತಿಗೆ ಸರಕಾರ ಹಣ ಕೊಡುತ್ತದೆ, ಸಿಬ್ಬಂದಿ ನೋಡಿಕೊಳ್ಳುತ್ತಾರೆ ಎನ್ನುವವರು ಆ ಪ್ರಶ್ನೆಯನ್ನೇ ನಯವಾಗಿ ಕೇಳುತ್ತಿದ್ದಾರೆ.

ತೊಡಕು ಇರುವುದು ಕಥೆಯ ಕೊನೆಯ ಭಾಗದಲ್ಲಿ. ಕ್ರಿಸ್ಮಸ್ ಬೆಳಿಗ್ಗೆ ಎಚ್ಚೆತ್ತ ಸ್ಕ್ರೂಜನು ಅಂಗಡಿಯಲ್ಲಿನ ಅತಿ ದೊಡ್ಡ ಟರ್ಕಿ ಕೋಳಿಯನ್ನು ಕೊಳ್ಳುತ್ತಾನೆ. ಅದನ್ನು ತನ್ನ ಬಡ ಗುಮಾಸ್ತ ಬಾಬ್ ಕ್ರಾಚಿಟ್ಟನ ಮನೆಗೆ ಬಾಡಿಗೆ ಗಾಡಿಯಲ್ಲಿ ಕಳುಹಿಸುತ್ತಾನೆ. ಕಳುಹಿಸಿದವರು ಯಾರೆಂದು ಅವನಿಗೆ ತಿಳಿಯಬಾರದೆಂಬುದು ಸ್ಕ್ರೂಜನ ಇಚ್ಛೆ. ಬಳಿಕ ಅವನು ಚರ್ಚಿಗೆ ಹೋಗುತ್ತಾನೆ, ಬೀದಿಗಳಲ್ಲಿ ಅಲೆಯುತ್ತಾನೆ. ಮಧ್ಯಾಹ್ನ ಅಕ್ಕರೆಯ ಸೋದರಳಿಯ ಫ್ರೆಡ್ಡನ ಮನೆಯತ್ತ ನಡೆಯುತ್ತಾನೆ. ಆ ಬಾಗಿಲ ಮುಂದೆ ಹನ್ನೆರಡು ಬಾರಿ ಹಾದುಹೋದ ಮೇಲಷ್ಟೇ ಅದನ್ನು ತಟ್ಟುವ ಧೈರ್ಯ ಅವನಿಗೆ ಬರುತ್ತದೆ. ಒಳಗೆ ಬಂದು, ತಾನು ಊಟಕ್ಕೆ ಬಂದಿರುವುದಾಗಿ ಹೇಳಿ, ತನ್ನನ್ನು ಸೇರಿಸಿಕೊಳ್ಳುವೆಯಾ ಎಂದು ಕೇಳುತ್ತಾನೆ.

ಇಡೀ ಕಥೆಯ ನಿಜವಾದ ಮನಃಪರಿವರ್ತನೆ ಕೋಳಿಯನ್ನು ಕೊಂಡಾಗ ಆದುದಲ್ಲ, ಈ ಬಾಗಿಲನ್ನು ತಟ್ಟಿದಾಗ ಆದುದು. ಹಣವಂತನಿಗೆ ಕೋಳಿ ಕೊಳ್ಳಲು ಧೈರ್ಯ ಬೇಕಿಲ್ಲ. ಬರಿಗೈಯಲ್ಲಿ ಹೊಸ್ತಿಲಲ್ಲಿ ನಿಂತು, ನನ್ನನ್ನು ಒಳಗೆ ಕರೆಯುವೆಯಾ ಎಂದು ಕೇಳಲು ಧೈರ್ಯ ಬೇಕು. ಏಕೆಂದರೆ ಅಲ್ಲಿ ‘ಇಲ್ಲ’ ಎನ್ನುವ ಅಧಿಕಾರ ಇನ್ನೊಬ್ಬನ ಕೈಯಲ್ಲಿದೆ. ಡಿಕನ್ಸನಿಗೆ ಇದು ಚೆನ್ನಾಗಿ ತಿಳಿದಿತ್ತು. ಆದರೂ ಅವನು ತಟ್ಟುವ ಕೈಯನ್ನು ಸುಖವಾಗಿರುವ ಬಂಧುವಿನ ಬಾಗಿಲಿಗೆ ಕಳುಹಿಸಿದ. ಬಡವನ ಬಾಗಿಲಿಗೆ ಕಳುಹಿಸಿದ್ದು ಗಾಡಿಯನ್ನು. ಕ್ರಾಚಿಟ್ಟನ ಮನೆಯ ಹಬ್ಬದೂಟವನ್ನು ಸ್ಕ್ರೂಜನು ಕಂಡದ್ದು ಕಣ್ಣಿಗೆ ಕಾಣದ ಪ್ರೇಕ್ಷಕನಾಗಿ ಮಾತ್ರ. ಮರುದಿನ ಸಂಬಳ ಏರಿಸುತ್ತಾನೆ, ಮುಂದೆ ಆ ಕುಟುಂಬದ ಪುಟ್ಟ ಟಿಮ್‌ಗೆ ಎರಡನೆಯ ತಂದೆಯಂತಾಗುತ್ತಾನೆ ಎಂಬುದನ್ನು ಮರೆಯಬಾರದು. ಆದರೂ ಹಬ್ಬದ ದಿನ ಅವರ ಮೇಜಿನ ಬಳಿ ಅವನಿಗಾಗಿ ಒಂದು ಕುರ್ಚಿಯನ್ನು ಕಥೆ ಕಲ್ಪಿಸಿಕೊಳ್ಳಲಿಲ್ಲ. ನಮ್ಮ ರೂಢಿಯು ಈ ಕಥೆಯಿಂದ ಕಲಿತದ್ದು ಗಾಡಿಯನ್ನೇ ಹೊರತು ಬಾಗಿಲನ್ನಲ್ಲ.

ಆಂಟನಿ ಟ್ರಾಲಪ್ 1855ರಲ್ಲಿ ಪ್ರಕಟಿಸಿದ ‘ದಿ ವಾರ್ಡನ್’ ಕಾದಂಬರಿ ಇದೇ ಸತ್ಯವನ್ನು ಇನ್ನೊಂದು ದಿಕ್ಕಿನಿಂದ ತೋರಿಸುತ್ತದೆ. ಅಲ್ಲಿರುವುದು ಹನ್ನೆರಡು ಮಂದಿ ಬಡ ಮುದುಕರ ಧರ್ಮವಸತಿ; ಇಂದಿನ ಆಸರೆವಸತಿಯ ಪೂರ್ವಜ ಎನ್ನಬಹುದು. ಅದರ ಪಾಲಕ ಗುರು ಹಾರ್ಡಿಂಗ್ ವರ್ಷಕ್ಕೆ 800 ಪೌಂಡು ಪಡೆಯುವುದು ಅನ್ಯಾಯವೆಂದು ಸುಧಾರಕರು ದಾವೆ ಹೂಡುತ್ತಾರೆ. ಆ ಪ್ರಶ್ನೆ ನ್ಯಾಯವಾದುದೇ. ಮನಸ್ಸಾಕ್ಷಿ ಕಲಕಿದ ಹಾರ್ಡಿಂಗ್ ಹುದ್ದೆ ತೊರೆಯುತ್ತಾನೆ. ಅವನ ಸ್ಥಾನಕ್ಕೆ ಯಾರೂ ಬರುವುದಿಲ್ಲ. ಮುದುಕರಿಗೆ ಹೆಚ್ಚಿನ ಹಣವೂ ಸಿಗಲಿಲ್ಲ, ಇದ್ದ ನೆರೆಯವನೂ ಉಳಿಯಲಿಲ್ಲ. ಒಬ್ಬೊಬ್ಬರಾಗಿ ಸಾಯುವಾಗ ಹಾಸಿಗೆಯ ಬಳಿ ಕೂರಲು ಗೆಳೆಯನಿರಲಿಲ್ಲ. ನ್ಯಾಯ ಬೇಡವೆಂದು ಟ್ರಾಲಪ್ ಹೇಳುತ್ತಿಲ್ಲ. ಲೆಕ್ಕಪತ್ರದಲ್ಲಿ ಕಾಣದ ನಷ್ಟವೊಂದಿದೆ ಎಂದು ತೋರಿಸುತ್ತಿದ್ದಾನೆ.

ಶುಭಸಂದೇಶ ಈ ಬಾಗಿಲನ್ನು ಹೇಗೆ ಕಾಣುತ್ತದೆ? ಸಂತ ಲೂಕನ ಶುಭಸಂದೇಶದಲ್ಲಿ ದೇವಪುತ್ರನು ಮೊದಲು ಬರುವುದು ಕೊಡುವವನಾಗಿ ಅಲ್ಲ. ಸ್ಥಳ ಸಿಗದವನಾಗಿ, ಬಟ್ಟೆಯಲ್ಲಿ ಸುತ್ತಿಸಿಕೊಂಡು ಗೋದಲಿಯಲ್ಲಿ ಮಲಗಿದವನಾಗಿ. ಜಕ್ಕಾಯನ ಮನೆಯಲ್ಲಿ ತಾನು ತಂಗಬೇಕೆಂದು ಯೇಸು ತಾನಾಗಿಯೇ ಹೇಳುತ್ತಾನೆ. ಶಿಷ್ಯರನ್ನು ಕಳುಹಿಸುವಾಗ, ಹೋದ ಮನೆಯಲ್ಲಿ ಬಡಿಸಿದ್ದನ್ನು ಉಣ್ಣಿರಿ ಎಂದು ಆಜ್ಞಾಪಿಸುತ್ತಾನೆ. ಸಂತ ಯೊವಾನ್ನನ ಶುಭಸಂದೇಶದಲ್ಲಿ ಸಮಾರ್ಯದ ಸ್ತ್ರೀಯೊಡನೆ ಸಂಭಾಷಣೆ ಆರಂಭವಾಗುವುದೇ ಅವನು ನೀರು ಬೇಡುವುದರಿಂದ. ಮನುಷ್ಯಾವತಾರವೆಂದರೆ ದೇವರು ನಮ್ಮ ಕೈಯಿಂದ ಪಡೆಯಲು ಒಪ್ಪಿಕೊಂಡದ್ದು. ಕ್ರಿಸ್ತಜಯಂತಿಯ ರಾತ್ರಿಯ ಬಲಿಪೂಜೆಯಲ್ಲಿ ಕಾಣಿಕೆಗಳ ಮೇಲಿನ ಪ್ರಾರ್ಥನೆ ಈ ರಹಸ್ಯವನ್ನು ಪವಿತ್ರ ವಿನಿಮಯವೆಂದೇ ಕರೆಯುತ್ತದೆ. ವಿನಿಮಯಕ್ಕೆ ಎರಡೂ ಕಡೆ ಕೊಡುವ ಕೈಗಳು ಬೇಕು. ಆಸರೆವಸತಿಯ ನಿವಾಸಿಗೆ ಕೇವಲ ಪಡೆಯುವ ಪಾತ್ರವನ್ನು ಕೊಟ್ಟರೆ, ನಾವು ಅವನಿಂದ ಕಸಿದುಕೊಳ್ಳುವುದು ಆತಿಥೇಯನಾಗುವ ಗೌರವವನ್ನು.

ಪೋಪ್ ಹದಿನಾರನೆಯ ಬೆನೆಡಿಕ್ಟರು 2005ರ ‘ದೇವುಸ್ ಕಾರಿತಾಸ್ ಎಸ್ತ್’ ವಿಶ್ವಪತ್ರದಲ್ಲಿ, ದಾನವು ಪಡೆಯುವವನನ್ನು ಅವಮಾನಿಸಬಾರದೆಂದರೆ ಕೊಡುವವನು ತಾನೇ ಆ ದಾನದಲ್ಲಿ ಉಪಸ್ಥಿತನಾಗಿರಬೇಕು ಎಂದು ಬೋಧಿಸಿದರು. ರೋಮಿನ ಸಂತ ಎಜಿದಿಯೊ ಸಮುದಾಯವು 1982ರ ಕ್ರಿಸ್ಮಸ್ಸಿನಲ್ಲಿ ಬಡವರೊಡನೆ ತ್ರಸ್ತೇವೆರೆಯ ಸಂತ ಮರಿಯಮ್ಮನವರ ಬಸಿಲಿಕದೊಳಗೇ ಊಟಕ್ಕೆ ಕುಳಿತದ್ದು ಈ ದಾರಿಯಲ್ಲಿ ಇಟ್ಟ ಹೆಜ್ಜೆ. ಆದರೆ ಅಲ್ಲಿಯೂ ಮನೆ ನಮ್ಮದೇ, ಅತಿಥಿಗಳು ಅವರು. ಇನ್ನೊಂದು ಹೆಜ್ಜೆ ಉಳಿದಿದೆ.

ಎರಡು ಆಕ್ಷೇಪಣೆಗಳು ಏಳಬಹುದು. ಎಡಗೈಗೆ ತಿಳಿಯದಂತೆ ಕೊಡಬೇಕೆಂದು ಯೇಸು ಬೋಧಿಸಲಿಲ್ಲವೇ? ಬೋಧಿಸಿದ್ದು ನಿಜ, ಆದರೆ ಆ ವಚನ ತಡೆಯುವುದು ಜನರ ಹೊಗಳಿಕೆಗಾಗಿ ಮಾಡುವ ಪ್ರದರ್ಶನವನ್ನು, ಪರಿಚಯವನ್ನಲ್ಲ. ಎರಡನೆಯದು ಹೆಚ್ಚು ಗಂಭೀರವಾದುದು: ನೋವುಂಡವರ ಕೋಣೆಗೆ ಅಪರಿಚಿತರು ನುಗ್ಗುವುದು ಸರಿಯೇ? ಖಂಡಿತ ಸರಿಯಲ್ಲ. ಬಾಗಿಲು ತಟ್ಟುವುದಕ್ಕೂ ನುಗ್ಗುವುದಕ್ಕೂ ಇರುವ ಅಂತರವೇ ಇಲ್ಲಿನ ಮುಖ್ಯ ಸಂಗತಿ. ಹಿಂಸೆಯಿಂದ ಪಾರಾಗಿ ಬಂದವಳು ಬಾಗಿಲು ತೆರೆಯದಿದ್ದರೆ ಅದು ಅವಳ ಹಕ್ಕು. ಅವಳಿಗೆ ಉಡುಗೊರೆಯನ್ನು ಸಿಬ್ಬಂದಿಯ ಕೈಯಲ್ಲಿ ಕಳುಹಿಸುವುದೇ ಪ್ರೀತಿ. ತೆರೆಯಲು ಬಯಸುವವರ ಬಾಗಿಲನ್ನೂ ನಾವು ತಟ್ಟದೆ ಉಳಿದರೆ ಮಾತ್ರ ಅದು ಕೊರತೆ.

ಕರ್ನಾಟಕದ ನಮಗೆ ಇದು ಹೊಸದಾಗಿ ಕಲಿಯಬೇಕಾದ ಪಾಠವೇನೂ ಅಲ್ಲ. ಕರಾವಳಿಯ ಕಥೋಲಿಕರಲ್ಲಿ ಕುಸ್ವಾರಿನ ತಟ್ಟೆ ನೆರೆಮನೆಗೆ ಹೋಗುತ್ತದೆ. ಕೊಂಡೊಯ್ದವರನ್ನು ಒಳಗೆ ಕರೆದು ಕೂರಿಸುವುದೂ ಆ ಸಂಪ್ರದಾಯದ ಭಾಗವೇ. ಆದರೆ ವೃದ್ಧಾಶ್ರಮಕ್ಕೋ ವಿಕಲಚೇತನರ ವಸತಿಗೋ ಗುರುಮಠದಿಂದ ಹೊರಟಾಗ ನಾವು ಈ ನೆರೆತನವನ್ನು ಮರೆತು ಗಾಡಿಯಾಗಿಬಿಡುತ್ತೇವೆ: ಹಾಡು, ಕೇಕು, ಛಾಯಾಚಿತ್ರ, ಮರುಪಯಣ. ಈ ವರ್ಷ ಪೊಟ್ಟಣಗಳ ಪಟ್ಟಿಯ ಜೊತೆಗೆ ಇನ್ನೊಂದು ಪಟ್ಟಿಯನ್ನೂ ಸಿದ್ಧಪಡಿಸೋಣ. ನಮ್ಮನ್ನು ಕೂರಿಸಿ ಒಂದು ಲೋಟ ಚಹಾ ಕೊಡಲು ಯಾರು ಬಯಸುತ್ತಾರೆಂದು ಮೊದಲೇ ಕೇಳಿ ತಿಳಿದು, ಅವರ ಬಾಗಿಲಿಗೆ ಇಬ್ಬಿಬ್ಬರಾಗಿ, ಅವಸರವಿಲ್ಲದೆ ಹೋಗೋಣ. ಅವರು ಕೊಟ್ಟ ಚಹಾವನ್ನು ಕುಡಿಯೋಣ. ಜನವರಿಯಲ್ಲಿ ಮತ್ತೊಮ್ಮೆ ಹೋಗೋಣ.